ಬಿಗಿ ಇಲ್ಲ ಎಂದು ಕಾಲು ಹೇಳಿದರೆ ನಂಬಬೇಡಿ

ಉಪ್ಪಳ ಪೇಟೆಯಲ್ಲಿ ನನ್ನದೊಂದು ಸಣ್ಣ ಚಪ್ಪಲಿ ಅಂಗಡಿ. ಬಿ.ಕಾಂ. ಮುಗಿಸಿ ಎರಡು ವರ್ಷ ಮಂಗಳೂರಿನಲ್ಲಿ ಲೆಕ್ಕ ಬರೆದು, ಆಮೇಲೆ ಉಪ್ಪನ ಅಂಗಡಿಯಲ್ಲೇ ಬಂದು ಕೂತವನು ನಾನು. ಡಾಕ್ಟರ್ ಅಲ್ಲ. ಆದರೆ ಹನ್ನೊಂದು ವರ್ಷದಿಂದ ದಿನಾ ಮೂವತ್ತು ನಲವತ್ತು ಜನರ ಪಾದ ನೋಡುತ್ತಾ ಬಂದಿದ್ದೇನೆ. ಹಾಗಿದ್ದೂ ನನ್ನ ಮನೆಯದ್ದೇ ಒಂದು ಪಾದ ನನ್ನ ಕಣ್ಣಿಗೆ ಬೀಳಲಿಲ್ಲ. ಈ ಲೇಖನ ಬರೆಯುವುದಕ್ಕೆ ಅದೇ ಕಾರಣ.

ಮೂರು ವರ್ಷದ ಹಿಂದೆ ತಂಗಿಯ ಮದುವೆ. ಉಪ್ಪನಿಗೆ ಹೊಸ ಶೂ ಕೊಟ್ಟದ್ದು ನಾನೇ. ಎಂಟನೇ ನಂಬರ್, 1,150 ರೂಪಾಯಿಯ ಮಾಲು. "ಬಿಗಿ ಉಂಟಾ ಉಪ್ಪಾ?" ಅಂತ ಕೇಳಿದೆ. "ಇಲ್ಲ, ಸರಿಯಾಗಿ ಕೂತಿದೆ" ಅಂದರು. ಬೆಳಗ್ಗಿನಿಂದ ರಾತ್ರಿವರೆಗೆ ಹಾಲ್‌ನಲ್ಲಿ ಅದೇ ಶೂನಲ್ಲಿ ಓಡಾಡಿದರು. ಬಲಗಾಲಿನ ಕಿರುಬೆರಳ ಹೊರಬದಿಗೆ ಶೂ ತಾಗಿ ಗುಳ್ಳೆ ಎದ್ದಿದೆ, ಒಡೆದಿದೆ, ಅವರಿಗೆ ಗೊತ್ತೇ ಆಗಲಿಲ್ಲ. ಮರುದಿನದಿಂದ ಹವಾಯಿ ಚಪ್ಪಲಿ ಹಾಕಿ ಮಾಮೂಲಿನಂತೆ ಅಂಗಡಿಗೆ ಬಂದರು. ಮಳೆಗಾಲದ ಶುರು, ಕಾಲು ಒದ್ದೆಯಾಗುತ್ತಲೇ ಇತ್ತು. ಹತ್ತು ಹನ್ನೊಂದು ದಿನ ಕಳೆದ ಮೇಲೆ ಉಮ್ಮ ಹೇಳಿದರು: "ಇವರ ಕಾಲಿನಿಂದ ಏನೋ ವಾಸನೆ ಬರ್ತಾ ಉಂಟು."

ಮಂಗಳೂರಿನ ಆಸ್ಪತ್ರೆಗೆ ಕರಕೊಂಡು ಹೋದಾಗ ಕಿರುಬೆರಳು ಕಪ್ಪಾಗಿತ್ತು, ಅದರ ಪಕ್ಕದ್ದೂ ಉಳಿಯುವ ಹಾಗಿರಲಿಲ್ಲ. ಎರಡು ಬೆರಳು ತೆಗೆದರು. ಹತ್ತೊಂಬತ್ತು ದಿನ ಅಲ್ಲಿದ್ದೆವು. ಬಿಲ್ಲು 1,38,000 ರೂಪಾಯಿ. ಉಪ್ಪನಿಗೆ ಶುಗರ್ ಹದಿನಾಲ್ಕು ವರ್ಷದಿಂದ ಇತ್ತು, ಮಾತ್ರೆ ತಪ್ಪಿಸುತ್ತಿರಲಿಲ್ಲ. ಆ ಹನ್ನೊಂದು ದಿನದಲ್ಲಿ ಒಮ್ಮೆಯೂ ನೋವು ಅಂತ ಹೇಳಲಿಲ್ಲ. ಯಾಕೆಂದರೆ ನೋವೇ ಆಗಿರಲಿಲ್ಲ.

ಆಪರೇಶನ್ ಮಾಡಿದ ಡಾಕ್ಟರ್ ಆ ಶೂ ತರಿಸಿ ನೋಡಿದರು. ನಾನು, "ಬಿಗಿ ಉಂಟಾ ಅಂತ ಕೇಳಿಯೇ ಕೊಟ್ಟದ್ದು ಡಾಕ್ಟ್ರೇ" ಅಂದೆ. ಅವರು ಬೈಯಲಿಲ್ಲ. "ಇಷ್ಟು ವರ್ಷ ಶುಗರ್ ಇದ್ದವರ ಹತ್ತಿರ ಕೇಳಿ ಪ್ರಯೋಜನ ಇಲ್ಲ. ನೀವು ನೋಡಬೇಕಿತ್ತು" ಅಂದರು. ಆ ಒಂದು ಮಾತು ಅರ್ಥ ಆಗಲು ನನಗೆ ಸುಮಾರು ಸಮಯ ಹಿಡಿಯಿತು. ಅರ್ಥ ಆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಇದು ಎಷ್ಟು ಮನೆಯ ವಿಷಯ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯೊಂದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. 20 ವರ್ಷ ಮೇಲ್ಪಟ್ಟವರಲ್ಲಿ ದೇಶದ ಸರಾಸರಿ ಶೇ. 11.4 ಮಂದಿಗೆ ಮಧುಮೇಹ ಇದ್ದರೆ, ಕೇರಳದಲ್ಲಿ ಅದು ಶೇ. 25.5. ಅಂದರೆ ದೊಡ್ಡವರಲ್ಲಿ ನಾಲ್ಕಕ್ಕೆ ಒಬ್ಬರು. ಕೇರಳಕ್ಕಿಂತ ಮುಂದಿದ್ದದ್ದು ಗೋವಾ ಮತ್ತು ಪುದುಚೇರಿ ಮಾತ್ರ. ನಮ್ಮ ಮಂಜೇಶ್ವರ, ಕುಂಬಳೆ, ಉಪ್ಪಳದ ಮನೆಗಳಲ್ಲಿ ಫ್ರಿಜ್ಜಿನ ಬಾಗಿಲಲ್ಲಿ ಇನ್ಸುಲಿನ್ ಇರುವುದು ಈಗ ಯಾರಿಗೂ ವಿಶೇಷ ಅಲ್ಲ.

ಆದರೆ ಶುಗರ್ ಅಂದ ಕೂಡಲೇ ನಾವು ಮಾತಾಡುವುದು ಊಟದ ಬಗ್ಗೆ. ಬಿರಿಯಾನಿ ತಿನ್ನಬಹುದಾ, ಚಹಾಕ್ಕೆ ಸಕ್ಕರೆ ಎಷ್ಟು ಅಂತ. ಪಾದದ ಬಗ್ಗೆ ಮಾತು ಬರುವುದು ಗಾಯ ಆದ ಮೇಲೆ. ಇನ್ನೊಂದು ಕಷ್ಟವೂ ಉಂಟು. ನಮಗೆ ಕೈಗೆ ಸಿಕ್ಕ ಆರೋಗ್ಯ ಕರಪತ್ರಗಳೆಲ್ಲ ಮಲಯಾಳದಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ ಇದ್ದವು. ಉಪ್ಪ ಓದಿದ್ದು ಕನ್ನಡ ಶಾಲೆಯಲ್ಲಿ. ಮಲಯಾಳ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಮನೆಯಲ್ಲಿದ್ದ ಒಂದು ಕರಪತ್ರದಲ್ಲಿ ಪಾದದ ಚಿತ್ರ ಇತ್ತು. ಅದರ ಕೆಳಗೆ ಏನಿದೆ ಎಂದು ಓದಿ ಹೇಳಬೇಕಾದವನು ನಾನು, ನಾನೂ ಓದಲಿಲ್ಲ.

ನೋವು ಯಾಕೆ ಗೊತ್ತಾಗುವುದಿಲ್ಲ

ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ನರಗಳು ಹಾಳಾಗುತ್ತವೆ. ಅತಿ ಉದ್ದದ ನರಗಳಿಗೆ ಮೊದಲು ಪೆಟ್ಟು. ಬೆನ್ನಿನಿಂದ ಹೊರಟು ಪಾದದ ಬೆರಳ ತುದಿಗೆ ಮುಟ್ಟುವ ನರಗಳೇ ಅತಿ ಉದ್ದದವು. ಅದಕ್ಕಾಗಿ ತೊಂದರೆ ಬೆರಳಿನಿಂದ ಶುರುವಾಗಿ ಮೇಲೆ ಬರ್ತದೆ. ಕೆಲವರಿಗೆ ಜುಮ್ಮೆನ್ನುವುದು, ರಾತ್ರಿ ಉರಿ, ಹತ್ತಿಯ ಮೇಲೆ ನಡೆದ ಹಾಗೆ ಅನಿಸುವುದು ಇರ್ತದೆ. ಕೆಲವರಿಗೆ ಅದೂ ಇಲ್ಲ. ಸದ್ದಿಲ್ಲದೆ ಸ್ಪರ್ಶ ಹೋಗಿರ್ತದೆ.

ಹಾಳಾಗುವುದು ಸ್ಪರ್ಶ ಒಂದೇ ಅಲ್ಲ. ಬೆವರು ಬರಿಸುವ ನರ ಸೋತರೆ ಪಾದ ಒಣಗಿ ಹಿಮ್ಮಡಿ ಒಡೆಯುತ್ತದೆ. ಆ ಬಿರುಕಿನಿಂದ ಸೋಂಕು ಒಳಗೆ ಹೋಗ್ತದೆ. ಪಾದದೊಳಗಿನ ಸಣ್ಣ ಸ್ನಾಯುಗಳು ಸೋತರೆ ಬೆರಳು ಕೊಕ್ಕೆಯ ಹಾಗೆ ಬಾಗುತ್ತದೆ. ಆಗ ಮೈಯ ಭಾರ ಬೀಳಬೇಕಾದಲ್ಲಿ ಬೀಳದೆ ಮುಂಪಾದದ ಒಂದೆರಡು ಜಾಗಕ್ಕೆ ಬೀಳುತ್ತದೆ. ಅಲ್ಲಿ ಜಡ್ಡು ಕಟ್ಟುತ್ತದೆ. ಮೇಲಿಂದ ಗಟ್ಟಿ ಚರ್ಮ, ಅದರಡಿಯಲ್ಲಿ ಹುಣ್ಣು ಇರುವುದೂ ಉಂಟು.

ಇದರ ಜೊತೆಗೆ ರಕ್ತನಾಳ. ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ಮೂರೂ ಸೇರಿ ಕಾಲಿನ ನಾಳ ಸಪೂರ ಮಾಡುತ್ತವೆ. ಬೀಡಿ, ಸಿಗರೇಟು ಇದ್ದರೆ ಇನ್ನೂ ಬೇಗ. ರಕ್ತ ಸರಿಯಾಗಿ ಹೋಗದ ಕಾಲಲ್ಲಿ ಗಾಯ ಮಾಗುವುದು ತಡ, ಸಕ್ಕರೆ ಹೆಚ್ಚಿದ್ದರೆ ಸೋಂಕು ಹಬ್ಬುವುದು ಬೇಗ. ಕಾಲು ಕತ್ತರಿಸುವಲ್ಲಿವರೆಗೆ ಹೋದ ಮಧುಮೇಹಿಗಳ ಕತೆ ಕೇಳಿ ನೋಡಿ. ಹೆಚ್ಚಿನವರದ್ದು ಶುರುವಾದದ್ದು ಒಂದು ಸಣ್ಣ ಗುಳ್ಳೆ, ಒಂದು ಮುಳ್ಳು, ಒಂದು ಉಗುರಿನ ಗಾಯದಿಂದ.

ವೆಲ್ಲೂರಿನಲ್ಲಿ ಸಿಕ್ಕ ಪಾಠ

ನೋವಿಲ್ಲದ ಕಾಲು ಎಷ್ಟು ಅಪಾಯ ಅಂತ ಜಗತ್ತಿಗೆ ಸರಿಯಾಗಿ ತೋರಿಸಿಕೊಟ್ಟ ಜಾಗ ದೂರದ ದೇಶದ್ದಲ್ಲ, ತಮಿಳುನಾಡಿನ ವೆಲ್ಲೂರು. ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದ ಪಾಲ್ ಬ್ರಾಂಡ್ ಎಂಬ ಶಸ್ತ್ರಚಿಕಿತ್ಸಕರು 1946ರಲ್ಲಿ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗದಲ್ಲಿ ಬೆರಳು ತಾನಾಗಿ ಉದುರಿ ಹೋಗ್ತದೆ ಅಂತ ಜನ ನಂಬಿದ್ದ ಕಾಲ ಅದು. ಬ್ರಾಂಡ್ ರೋಗಿಗಳ ಜೊತೆಗೇ ಇದ್ದು ನೋಡಿದರು. ಬಿಸಿ ಪಾತ್ರೆ ಹಿಡಿದದ್ದು, ಮೊಳೆ ಚುಚ್ಚಿದ ಚಪ್ಪಲಿಯಲ್ಲೇ ನಡೆದದ್ದು, ರಾತ್ರಿ ಇಲಿ ಕಚ್ಚಿದ್ದು, ಯಾವುದೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ನೋವಿಲ್ಲದ ಕಾರಣ ಗಾಯದ ಮೇಲೆ ಗಾಯವಾಗಿ ಬೆರಳು ಹೋಗುತ್ತಿತ್ತು. ಇಲಿಯಿಂದ ಕಾಪಾಡಲು ರೋಗಿಗಳಿಗೆ ಬೆಕ್ಕು ಕೊಟ್ಟರಂತೆ.

1966ರಲ್ಲಿ ಅವರು ಅಮೆರಿಕದ ಕಾರ್ವಿಲ್‌ಗೆ ಹೋದರು. ಅಲ್ಲಿ ಇದೇ ಪಾಠ ಸಕ್ಕರೆ ಕಾಯಿಲೆಯವರ ಕಾಲಿಗೂ ಉಪಯೋಗಕ್ಕೆ ಬಂತು. ಕಾಯಿಲೆ ಬೇರೆ, ಕಾಲಿನ ಕತೆ ಒಂದೇ. ಇವತ್ತು ಡಾಕ್ಟರ್ ಚೀಟಿಯಲ್ಲಿ ಬರೆದು ಕೊಡುವ "ಎಂ.ಸಿ.ಆರ್. ಚಪ್ಪಲಿ", ಅಂದರೆ ಒಳಗೆ ಸಣ್ಣ ಸಣ್ಣ ಗಾಳಿಗುಳ್ಳೆ ಇರುವ ಮೆತ್ತನೆ ರಬ್ಬರಿನ ಚಪ್ಪಲಿ, ಮೊದಲು ನಮ್ಮ ದೇಶದಲ್ಲಿ ಹೆಚ್ಚಾಗಿ ಬಳಕೆಯಾದದ್ದು ಕುಷ್ಠರೋಗಿಗಳಿಗೆ. ಆ ಹೆಸರು ಕೇಳಿ ಅದನ್ನು ಹಾಕಲು ನಾಚಿಕೆ ಪಡುವವರು ಇದ್ದಾರೆ. ಈಗ ಮಾಮೂಲಿ ಚಪ್ಪಲಿಯಷ್ಟೇ ಚೆಂದದ ಡಿಸೈನಿನಲ್ಲಿ ಬರ್ತದೆ. ನೋಡಿದವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಬಿಗಿ ಚಪ್ಪಲಿ ಯಾಕೆ ಇಷ್ಟ ಆಗ್ತದೆ

ಈ ವಿಷಯ ಗೊತ್ತಾದ ಮೇಲೆ ನನ್ನ ವ್ಯಾಪಾರವೇ ಬೇರೆ ರೀತಿ ಕಾಣತೊಡಗಿತು.

ಕೆಲವು ಗಿರಾಕಿಗಳು ಬರುತ್ತಾರೆ. ಒಂಬತ್ತನೇ ನಂಬರ್ ಹಾಕಿದರೆ "ಲೂಸ್ ಆಗ್ತದೆ, ಕಾಲಿನಿಂದ ಜಾರ್ತದೆ" ಅನ್ನುತ್ತಾರೆ. ಎಂಟು ಕೊಟ್ಟರೆ "ಹಾಂ, ಇದು ಹಿಡಿತ ಉಂಟು". ನೋಡಿದರೆ ಕಿರುಬೆರಳು ಬದಿಗೆ ಒತ್ತಿ ಬಿಳಿಚಿರ್ತದೆ. "ಇಚ್ಚಾ, ಬೆರಳಿಗೆ ತಾಗ್ತಾ ಉಂಟು" ಅಂದರೆ, "ಇಲ್ಲ ಮಾರಾಯ, ನನಗೆ ಗೊತ್ತಾಗುವುದಿಲ್ಲವಾ?" ಅಂತ ಕೇಳುತ್ತಾರೆ.

ಗೊತ್ತಾಗುವುದಿಲ್ಲ, ಅದೇ ವಿಷಯ. ಸ್ಪರ್ಶ ಕಡಿಮೆಯಾದ ಕಾಲಿಗೆ ಸರಿಯಾದ ಅಳತೆಯ ಚಪ್ಪಲಿ ಹಾಕಿದ್ದೇ ತಿಳಿಯುವುದಿಲ್ಲ. ಒತ್ತಿ ಹಿಡಿದರೆ ಮಾತ್ರ ಏನೋ ಹಾಕಿದ ಹಾಗೆ ಅನಿಸುತ್ತದೆ. ಹಾಗಾಗಿ ಅವರು ತಾವಾಗಿಯೇ ಒಂದು ನಂಬರ್ ಸಣ್ಣದನ್ನು ಆರಿಸುತ್ತಾರೆ. ಪಾದದ ಚಿಕಿತ್ಸೆ ಮಾಡುವ ವೈದ್ಯರಿಗೆ ಇದು ಚೆನ್ನಾಗಿ ಗೊತ್ತಿರುವ ಸಂಗತಿ. ಚಪ್ಪಲಿ ಮಾರುವ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾವು ಗಿರಾಕಿ ಕೇಳಿದ್ದನ್ನೇ ಕಟ್ಟಿ ಕೊಡುತ್ತೇವೆ. ಉಪ್ಪನ ಕಾಲಿಗೆ ಎಂಟನೇ ನಂಬರ್ "ಸರಿಯಾಗಿ ಕೂತದ್ದು" ಹೀಗೆ.

ಈಗ ಯಾರಾದರೂ ಬಿಗಿಯಾದದ್ದನ್ನೇ ಬೇಕು ಅಂತ ಹಠ ಹಿಡಿದರೆ ಮೆಲ್ಲಗೆ ಕೇಳುತ್ತೇನೆ: "ಶುಗರ್ ನೋಡಿದ್ದೀರಾ?" ಕೆಲವರಿಗೆ ಸಿಟ್ಟು ಬರ್ತದೆ, ಚಪ್ಪಲಿ ತೆಗೆದುಕೊಳ್ಳದೆ ಹೋಗುತ್ತಾರೆ. ಹೋಗಲಿ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಕಾಲಿನ ಸ್ಪರ್ಶ ನೋಡಲು ಡಾಕ್ಟರ್ ಹತ್ತಿರ ನೈಲಾನ್ ಎಳೆ ಇರ್ತದೆ. 10 ಗ್ರಾಂ ಒತ್ತಡಕ್ಕೆ ಬಾಗುವ ಎಳೆ ಅದು. ಮನೆಯಲ್ಲಿ ಎಳೆಯೂ ಬೇಡ, ಬೆರಳು ಸಾಕು. ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬ ಊರಿನ ಆಸ್ಪತ್ರೆಯವರು ರೂಪಿಸಿದ ಸರಳ ಪರೀಕ್ಷೆ ಇದು.

ಪರೀಕ್ಷೆ ಮಾಡಿಸಿಕೊಳ್ಳುವವರು ಸಾಕ್ಸ್ ತೆಗೆದು, ಕಾಲು ಚಾಚಿ ಕೂತು ಕಣ್ಣು ಮುಚ್ಚಬೇಕು. ಎಡ ಯಾವುದು, ಬಲ ಯಾವುದು ಎಂದು ಮೊದಲೇ ಹೇಳಿಕೊಳ್ಳಿ. ಮನೆಯ ಇನ್ನೊಬ್ಬರು ತೋರುಬೆರಳಿನ ತುದಿಯಿಂದ ಈ ಕ್ರಮದಲ್ಲಿ ಮುಟ್ಟಬೇಕು: ಬಲಗಾಲ ಹೆಬ್ಬೆರಳು, ಬಲಗಾಲ ಕಿರುಬೆರಳು, ಎಡಗಾಲ ಹೆಬ್ಬೆರಳು, ಎಡಗಾಲ ಕಿರುಬೆರಳು, ಬಲಗಾಲ ನಡುಬೆರಳು, ಎಡಗಾಲ ನಡುಬೆರಳು. ಒಟ್ಟು ಆರು. ಗರಿ ತಾಗಿದ ಹಾಗೆ ಹಗುರಾಗಿ, ಒಂದೆರಡು ಸೆಕೆಂಡು ಮಾತ್ರ. ಒತ್ತಬಾರದು, ತಟ್ಟಬಾರದು, ಕಚಗುಳಿ ಇಡಬಾರದು. ಮುಟ್ಟಿದ್ದು ಗೊತ್ತಾದಾಗ ಅವರು "ಬಲ" ಅಥವಾ "ಎಡ" ಎನ್ನಬೇಕು. ಹೇಳದಿದ್ದರೆ ಪುನಃ ಮುಟ್ಟಿ ಕೇಳಬಾರದು, ಗೊತ್ತಾಗಲಿಲ್ಲ ಎಂದು ಬರೆದುಕೊಂಡು ಮುಂದಕ್ಕೆ ಹೋಗಬೇಕು.

ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ಸ್ಪರ್ಶ ಕಡಿಮೆಯಾಗಿರುವ ಸಂಭವ ಜಾಸ್ತಿ. ಅಂಥವರು ಡಾಕ್ಟರಿಗೆ ಪಾದ ತೋರಿಸಬೇಕು. ಆರೂ ಸರಿ ಬಂದರೂ ಶುಗರ್ ಇರುವವರು ವರ್ಷಕ್ಕೊಮ್ಮೆಯಾದರೂ ಡಾಕ್ಟರ್ ಕೈಯಲ್ಲಿ ಪಾದ ಪರೀಕ್ಷೆ ಮಾಡಿಸಬೇಕು. ಅವರು ಪಾದದ ನಾಡಿಯನ್ನೂ ನೋಡುತ್ತಾರೆ, ಅದು ನಮ್ಮಿಂದ ಆಗುವ ಕೆಲಸ ಅಲ್ಲ. ಚೀಟಿ ಕೊಟ್ಟು ಮಾತ್ರೆ ಬರೆಸಿಕೊಂಡು ಬರುವಾಗ, "ಡಾಕ್ಟ್ರೇ, ಕಾಲು ಒಮ್ಮೆ ನೋಡಿ" ಅಂತ ನಾವೇ ಹೇಳಬೇಕು. ಶೂ, ಸಾಕ್ಸ್ ಬಿಚ್ಚಿ ಕೂತರೆ ಇನ್ನೂ ಒಳ್ಳೆಯದು.

ನಾನು ಉಪ್ಪನಿಗೆ ಈ ಪರೀಕ್ಷೆ ಮಾಡಿದ್ದು ಆಪರೇಶನ್ ಆಗಿ ಮನೆಗೆ ಬಂದ ಮೇಲೆ. ಎಡಗಾಲಿನ ಮೂರು ಬೆರಳನ್ನೂ ಮುಟ್ಟಿದೆ. ಕಣ್ಣು ಮುಚ್ಚಿ ಕೂತವರು, "ಶುರು ಮಾಡು" ಅಂದರು.

ಪ್ರತಿದಿನದ ಲೆಕ್ಕ

ಅಂಗಡಿಯಲ್ಲಿ ದಿನದ ಲೆಕ್ಕ ದಿನವೇ ನೋಡಬೇಕು ಅನ್ನುವವರು ನಾವು. ಒಂದು ವಾರ ಬಿಟ್ಟು ನೋಡಿದರೆ ಎಲ್ಲಿ ತಪ್ಪಿತು ಅಂತ ಸಿಗುವುದಿಲ್ಲ. ಪಾದದ್ದೂ ಹಾಗೆಯೇ. ರಾತ್ರಿ ಎರಡು ನಿಮಿಷ, ಒಳ್ಳೆ ಬೆಳಕಿನಲ್ಲಿ ಪಾದದ ಮೇಲೆ, ಅಡಿ, ಹಿಮ್ಮಡಿ, ಬೆರಳ ಸಂದಿ ನೋಡಬೇಕು. ಗುಳ್ಳೆ, ಬಿರುಕು, ಕೆಂಪು, ಬಾವು, ಉಗುರಿನ ಬದಿಯಲ್ಲಿ ಗಾಯ ಏನಾದರೂ ಉಂಟಾ ಅಂತ. ಬಾಗಲು ಆಗದವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಬಹುದು. ಕಣ್ಣು ಮಂಜಾದವರಿಗೆ ಮಕ್ಕಳೋ ಮೊಮ್ಮಕ್ಕಳೋ ನೋಡಬೇಕು. ಒಂದು ಪಾದ ಇನ್ನೊಂದಕ್ಕಿಂತ ಬಿಸಿ ಉಂಟಾ ಅಂತ ಕೈಯ ಹಿಂಬದಿಯಿಂದ ಮುಟ್ಟಿ ನೋಡುವುದೂ ಒಳ್ಳೆಯದು.

ವುಝೂ ಮಾಡುವಾಗ ದಿನಕ್ಕೆ ಐದು ಬಾರಿ ಕಾಲು ತೊಳೆಯುತ್ತೇವೆ, ಬೆರಳ ಸಂದಿಗೂ ನೀರು ಮುಟ್ಟಿಸುತ್ತೇವೆ. ಪಾದ ನೋಡಲು ಅದಕ್ಕಿಂತ ಒಳ್ಳೆಯ ಸಮಯ ಇಲ್ಲ. ಕಷ್ಟ ಇರುವುದು ತೊಳೆದ ಮೇಲೆ. ಒರೆಸದೆ ಹಾಗೆಯೇ ಸಾಕ್ಸಿಗೋ ಶೂವಿಗೋ ಕಾಲು ತೂರಿಸುತ್ತೇವೆ. ಬೆರಳ ಸಂದಿ ಒದ್ದೆ ಉಳಿದರೆ ಚರ್ಮ ಬಿಳಿಚಿ ಸುಲಿಯುತ್ತದೆ, ಫಂಗಸ್ ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಇದು ಮನೆಮನೆಯ ತೊಂದರೆ. ಒಂದು ಸಣ್ಣ ಬಟ್ಟೆಯನ್ನು ಇದಕ್ಕೆಂದೇ ಇಟ್ಟುಕೊಂಡು ಸಂದಿಯಲ್ಲಿ ಒತ್ತಿ ಒರೆಸಿದರೆ ಸಾಕು. ಒಣಗಿದ ಹಿಮ್ಮಡಿಗೆ ಕ್ರೀಮೋ ತೆಂಗಿನೆಣ್ಣೆಯೋ ಹಚ್ಚಬಹುದು. ಬೆರಳ ಸಂದಿಗೆ ಮಾತ್ರ ಹಚ್ಚಬಾರದು.

ಇನ್ನು ಮಾಡಬಾರದ್ದು ಕೆಲವು. ಜಡ್ಡನ್ನೋ ಆಣಿಯನ್ನೋ ಬ್ಲೇಡಿನಿಂದ ಕೆತ್ತಬೇಡಿ. ಮೆಡಿಕಲ್‌ನಲ್ಲಿ ಸಿಗುವ ಆಣಿ ಪಟ್ಟಿಯಲ್ಲಿ ಚರ್ಮ ಕರಗಿಸುವ ಆಸಿಡ್ ಇರ್ತದೆ, ಶುಗರ್ ಇರುವವರಿಗೆ ಅದು ಬೇಡ. ಉಗುರನ್ನು ನೇರಕ್ಕೆ ಕತ್ತರಿಸಿ, ಬದಿಗೆ ಇಳಿಸಬೇಡಿ. ಕಾಲು ನೋವಿಗೆ ಬಿಸಿನೀರಿನ ಚೀಲ ಇಡಬೇಡಿ, ಬಿಸಿನೀರಿಗೆ ಕಾಲು ಇಡುವ ಮೊದಲು ಮೊಣಕೈ ಅದ್ದಿ ನೋಡಿ. ಮನೆಯೊಳಗೂ ಬರಿಗಾಲು ಬೇಡ. ಅಂಗಳದ ಮುರಕಲ್ಲು, ಬೇಸಿಗೆಯ ಕಾದ ಹೊಯಿಗೆ, ತೋಟದ ಕಡ್ಡಿ ಮುಳ್ಳು ಯಾವುದನ್ನೂ ಮರಗಟ್ಟಿದ ಕಾಲು ಲೆಕ್ಕಕ್ಕೆ ಹಿಡಿಯುವುದಿಲ್ಲ. ಶೂ ಹಾಕುವ ಮೊದಲು ಒಳಗೆ ಕೈ ಹಾಕಿ ನೋಡಿ. ಮಕ್ಕಳ ಆಟಿಕೆಯ ತುಂಡು, ಸಣ್ಣ ಕಲ್ಲು, ಕಿತ್ತು ಬಂದ ಹೊಲಿಗೆ ಸಿಕ್ಕಿದ್ದುಂಟು.

ಚಪ್ಪಲಿ ಆರಿಸುವುದು ಹೇಗೆ

ನಾನು ಬಲ್ಲ ವಿಷಯ ಇದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಮಾರ್ಕೆಟಿನಲ್ಲಿ ಹೆಚ್ಚಾಗಿ ಇರುವ ನಂಬರ್ ಬ್ರಿಟಿಷರ ಅಳತೆ. ಒಂದು ನಂಬರ್‌ಗೂ ಮುಂದಿನದಕ್ಕೂ ಒಂದು ಇಂಚಿನ ಮೂರನೇ ಒಂದು ಪಾಲು, ಅಂದರೆ ಸುಮಾರು ಎಂಟೂವರೆ ಮಿಲಿಮೀಟರ್ ವ್ಯತ್ಯಾಸ. ಆದರೆ ಈ ನಂಬರ್ ಹೇಳುವುದು ಉದ್ದ ಮಾತ್ರ, ಅಗಲ ಅಲ್ಲ. ಚೆನ್ನೈಯ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ದೇಶದ ಬೇರೆ ಬೇರೆ ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದು, ಭಾರತೀಯರ ಪಾದ ಯುರೋಪಿನವರದ್ದಕ್ಕಿಂತ ಅಗಲ ಎಂದು ಹೇಳಿದೆ. ನಮಗೆ ಬೇಕಾದ್ದು ಅಗಲದ ಚಪ್ಪಲಿ, ನಾವು ಹಾಕುವುದು ಸಪೂರ ಅಚ್ಚಿನದ್ದು. ಬರಿಗಾಲಿನಲ್ಲೇ ದೊಡ್ಡವರಾದ ಹಿರಿಯರ ಪಾದ ಇನ್ನೂ ಅಗಲ ಇರ್ತದೆ. ಉಪ್ಪನ ಕಾಲೂ ಅಂಥದ್ದೇ.

ಚಪ್ಪಲಿ ಸಂಜೆ ಹೊತ್ತು ತೆಗೆದುಕೊಳ್ಳಿ. ದಿನವಿಡೀ ಓಡಾಡಿದ ಕಾಲು ಸ್ವಲ್ಪ ಉಬ್ಬಿರ್ತದೆ. ನಿಂತುಕೊಂಡೇ ಅಳತೆ ನೋಡಿ, ಎರಡೂ ಕಾಲಿಗೆ ಹಾಕಿ ನೋಡಿ. ಹೆಚ್ಚಿನವರಿಗೆ ಒಂದು ಕಾಲು ತುಸು ದೊಡ್ಡದಿರ್ತದೆ, ಆ ಕಾಲಿಗೆ ಸರಿಯಾದದ್ದನ್ನು ತೆಗೆದುಕೊಳ್ಳಿ. ಉದ್ದದ ಬೆರಳಿಗೂ ಶೂವಿನ ತುದಿಗೂ ನಡುವೆ ಒಂದು ಸೆಂಟಿಮೀಟರ್ ಜಾಗ ಇರಬೇಕು. ಮುಂದಿನ ಭಾಗ ಚೂಪಾಗಿರದೆ ಅಗಲ ಇರಲಿ. ಅಡಿ ಮೆತ್ತಗೆ ಬೇಕು, ಆದರೆ ಮುಳ್ಳು ಚುಚ್ಚಿ ಒಳಗೆ ಬರುವಷ್ಟು ಮೆತ್ತಗೆ ಬೇಡ. ಸ್ಪರ್ಶ ಹೋದ ಕಾಲಿಗೆ ಹೆಬ್ಬೆರಳ ಸಂದಿಯಲ್ಲಿ ಬಾರು ಇರುವ ಹವಾಯಿ ಚಪ್ಪಲಿ ಒಳ್ಳೆಯದಲ್ಲ, ಆ ಬಾರು ಸಂದಿಯನ್ನು ಉಜ್ಜುತ್ತಲೇ ಇರ್ತದೆ. ಹಿಂದೆ ಪಟ್ಟಿ ಇರುವ, ಅಂಟಿಸಿ ಸಡಿಲ ಬಿಗಿ ಮಾಡಬಹುದಾದ ಸ್ಯಾಂಡಲ್ ಆದೀತು.

ಎಲ್ಲಕ್ಕಿಂತ ಸುಲಭದ ಪರೀಕ್ಷೆ ಕಾಗದದ್ದು. ಬಿಳಿ ಹಾಳೆಯ ಮೇಲೆ ಪೂರ್ತಿ ಭಾರ ಹಾಕಿ ನಿಂತು ಪಾದದ ಸುತ್ತ ಪೆನ್ನಿನಿಂದ ಗೀಟು ಹಾಕಿಸಿ. ಅದರ ಮೇಲೆ ಚಪ್ಪಲಿ ಇಡಿ, ಶೂ ಆದರೆ ಒಳಗಿನ ಪಟ್ಟಿ ತೆಗೆದು ಇಡಿ. ಗೀಟು ಹೊರಗೆ ಕಂಡರೆ ಆ ಚಪ್ಪಲಿ ಬೇಡ. ಸ್ಪರ್ಶ ಇಲ್ಲದ ಕಾಲು ಸುಳ್ಳು ಹೇಳಬಹುದು, ಗೀಟು ಹೇಳುವುದಿಲ್ಲ. ಗಲ್ಫ್‌ನಲ್ಲಿರುವ ಮಕ್ಕಳಿಗೂ ಇದೇ ಮಾತು. ರಜೆಯಲ್ಲಿ ಬರುವಾಗ ಉಪ್ಪನಿಗೆ ಉಮ್ಮನಿಗೆ ಒಳ್ಳೆಯ ಶೂ ತರುವುದು ಸಂತೋಷವೇ. ಬರೇ ನಂಬರ್ ಕೇಳಿ ತರಬೇಡಿ, ಆ ಹಾಳೆಯನ್ನು ಅಳತೆಯ ಸಮೇತ ತರಿಸಿಕೊಂಡು ತನ್ನಿ.

ಹೊಸ ಚಪ್ಪಲಿಯನ್ನು ಮೊದಲ ದಿನವೇ ಇಡೀ ದಿನ ಹಾಕಬಾರದು. ಒಂದು ಗಂಟೆ ಹಾಕಿ, ತೆಗೆದು, ಎಲ್ಲಾದರೂ ಕೆಂಪಾಗಿದೆಯಾ ನೋಡಿ, ದಿನದಿಂದ ದಿನಕ್ಕೆ ಸಮಯ ಹೆಚ್ಚಿಸಿ. ಉಮ್ರಾಕ್ಕೆ ಹೊರಡುವವರು ಹೊರಡುವ ಹಿಂದಿನ ದಿನ ಚಪ್ಪಲಿಗೆ ಬರುತ್ತಾರೆ. ಒಂದು ತಿಂಗಳು ಮೊದಲೇ ಬನ್ನಿ. ಸಫಾ ಮರ್ವಾ ನಡುವಿನ ಏಳು ನಡಿಗೆಯೇ ಮೂರು ಕಿಲೋಮೀಟರ್‌ಗಿಂತ ಹೆಚ್ಚು, ತವಾಫ್ ಬೇರೆ. ಅಲ್ಲಿ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಕಳಕೊಂಡು ಕಾದ ನೆಲದಲ್ಲಿ ನಡೆದು ಕಾಲು ಸುಟ್ಟುಕೊಂಡವರು ಇದ್ದಾರೆ. ಚೀಲದಲ್ಲಿ ಹಾಕಿ ಜೊತೆಗೇ ಇಟ್ಟುಕೊಳ್ಳಿ.

ಹಾಗಾದರೆ ನಡೆಯಬೇಕಾ, ಬೇಡವಾ?

ಇಷ್ಟು ಓದಿ ಕಾಲು ಅಲ್ಲಾಡಿಸದೆ ಕೂತರೆ ಅದು ಇನ್ನೊಂದು ತಪ್ಪು. ನಡೆಯುವಾಗ ಸ್ನಾಯುಗಳು ರಕ್ತದ ಸಕ್ಕರೆಯನ್ನು ಬಳಸುತ್ತವೆ, ಕಾಲಿಗೆ ರಕ್ತ ಓಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ, ಸಾಧ್ಯವಾದರೆ 300 ನಿಮಿಷದವರೆಗೆ. ವಾರದಲ್ಲಿ ಐದು ದಿನ ಅರ್ಧ ಗಂಟೆ ಅಂದರೆ ಲೆಕ್ಕ ಸರಿಯಾಯಿತು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು.

ಮೊಬೈಲಿನಲ್ಲಿ ಹತ್ತು ಸಾವಿರ ಹೆಜ್ಜೆ ಆಗಲಿಲ್ಲ ಅಂತ ಬೇಜಾರು ಮಾಡುವವರಿಗೆ ಒಂದು ಮಾತು. ಆ ಸಂಖ್ಯೆ ಬಂದದ್ದು ವೈದ್ಯರಿಂದ ಅಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರೇ "ಹತ್ತು ಸಾವಿರ ಹೆಜ್ಜೆಯ ಮೀಟರ್" ಎಂದಿತ್ತು. ವ್ಯಾಪಾರದ ಹೆಸರು, ನಾನೂ ವ್ಯಾಪಾರಿ, ಮೆಚ್ಚಬೇಕು. ಹತ್ತು ಸಾವಿರ ಆಗದಿದ್ದರೂ ಪ್ರಯೋಜನ ಇಲ್ಲದೆ ಇಲ್ಲ. ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ಅಂಗಳದಲ್ಲೇ ನಡೆದರೂ ಊಟದ ನಂತರ ಏರುವ ಸಕ್ಕರೆ ಕಡಿಮೆ ಏರುತ್ತದೆ.

ನಮ್ಮಂಥ ಅಂಗಡಿಯವರು "ಇಡೀ ದಿನ ನಿಂತೇ ಇರ್ತೇವಲ್ಲ" ಅನ್ನುತ್ತೇವೆ. ನಿಲ್ಲುವುದು ನಡೆದ ಹಾಗೆ ಅಲ್ಲ. ನಿಂತಲ್ಲೇ ನಿಂತರೆ ಕಾಲು ಬಾತುಕೊಳ್ಳುತ್ತದೆ ಅಷ್ಟೆ. ಗಿರಾಕಿ ಇಲ್ಲದ ಹೊತ್ತು ಟೇಬಲ್ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಕೂತಾಗ ಪಾದ ಮೇಲೆ ಕೆಳಗೆ ಮಾಡುವುದು, ಬೆರಳು ಅಗಲಿಸಿ ಮಡಚುವುದು ಇವೆಲ್ಲ ಮಾಡಬಹುದು. ಹೆದ್ದಾರಿ ಅಗಲವಾದ ಮೇಲೆ ಪೇಟೆಯಲ್ಲಿ ನಡೆಯಲು ಹೆದರಿಕೆ ಆಗುವುದು ನಿಜ. ಶಾಲೆಯ ಮೈದಾನ, ಒಳದಾರಿ, ಮನೆಯ ಟೆರೇಸು ಆದೀತು.

ಸ್ಪರ್ಶ ಕಡಿಮೆ ಇರುವವರೂ ಗಾಯ ಇಲ್ಲದಿದ್ದರೆ ನಡೆಯಬಹುದು. ಸರಿಯಾದ ಚಪ್ಪಲಿ ಬೇಕು, ನಡೆದು ಬಂದ ಮೇಲೆ ಪಾದ ನೋಡಬೇಕು. ಕಡಲ ಬದಿಯಲ್ಲಿ ಬರಿಗಾಲ ನಡಿಗೆ ಅವರಿಗಲ್ಲ. ಪಾದದಡಿ ಹುಣ್ಣು ಇದ್ದರೆ ನಡಿಗೆ ನಿಲ್ಲಿಸಬೇಕು. ಹುಣ್ಣಿನ ಮೇಲೆ ಭಾರ ಬಿದ್ದಷ್ಟು ದಿನ ಅದು ಮಾಗುವುದಿಲ್ಲ. ಅಷ್ಟು ದಿನ ಕೂತಲ್ಲಿಯೇ ಕೈಯ ವ್ಯಾಯಾಮ. ನಡೆಯುವಾಗ ಮೀನಖಂಡ ಹಿಡಿದ ಹಾಗಾಗಿ ನಿಂತರೆ ಕಡಿಮೆಯಾಗುತ್ತದೆ ಅಂತಾದರೆ ರಕ್ತನಾಳ ತೋರಿಸಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಕಿಸೆಯಲ್ಲಿ ಎರಡು ಮಿಠಾಯಿ ಇಟ್ಟುಕೊಂಡು ಹೊರಡಿ, ಸಕ್ಕರೆ ಇಳಿದರೆ ಬೇಕಾಗುತ್ತದೆ.

ಕಾಯಬಾರದ ಹೊತ್ತು

ಶುಗರ್ ಇರುವವರ ಪಾದದಲ್ಲಿ ಈ ಕೆಳಗಿನ ಯಾವುದು ಕಂಡರೂ ಅರಿಶಿನ ಹಚ್ಚಿ, ಪುಡಿ ಉದುರಿಸಿ ನೋಡುವ ಅಂತ ಕೂರಬೇಡಿ. ಅದೇ ದಿನ, ಆಗದಿದ್ದರೆ ಮರುದಿನ ಡಾಕ್ಟರ್ ಹತ್ತಿರ ಹೋಗಿ.

ತೆರೆದ ಗಾಯ ಎಷ್ಟೇ ಸಣ್ಣದಿರಲಿ. ಕೀವು, ವಾಸನೆ. ಗಾಯದ ಸುತ್ತ ಹಬ್ಬುವ ಕೆಂಪು, ಬಿಸಿ. ಬೆರಳು ನೀಲಿ ಅಥವಾ ಕಪ್ಪಾಗುವುದು. ಜಡ್ಡಿನ ಅಡಿಯಲ್ಲಿ ಕಪ್ಪು ಕಲೆ. ಕಾಲಿನ ತೊಂದರೆಯ ಜೊತೆಗೆ ಜ್ವರ, ನಡುಕ ಬಂದರೆ ರಾತ್ರಿಯಾದರೂ ಹೊರಡಬೇಕು. ಇನ್ನೊಂದು ಹೆಚ್ಚಿನವರಿಗೆ ಗೊತ್ತಿಲ್ಲದ್ದು: ಗಾಯವೇ ಇಲ್ಲದೆ ಒಂದು ಪಾದ ಕೆಂಪಾಗಿ, ಬಿಸಿಯಾಗಿ, ಬಾತುಕೊಳ್ಳುವುದು. ನೋವು ಕಡಿಮೆ ಇರ್ತದೆ, ಉಳುಕು ಅಂತ ಎಣ್ಣೆ ತಿಕ್ಕುತ್ತಾರೆ. ಒಳಗೆ ಎಲುಬು ಮುರಿದು ಪಾದದ ಆಕಾರವೇ ಕೆಡುತ್ತಿರಬಹುದು. ಅಂಥ ಕಾಲು ನೆಲಕ್ಕೆ ಊರದೆ ಆಸ್ಪತ್ರೆಗೆ ಹೋಗಬೇಕು.

ಖರ್ಚಿಗೆ ಹೆದರಿ ತಡ ಮಾಡುವವರೇ ಜಾಸ್ತಿ. ಕೇರಳದ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಜೀವನಶೈಲಿ ರೋಗಗಳ ಕ್ಲಿನಿಕ್ ನಡೆಯುತ್ತದೆ, ಶುಗರ್, ಬಿಪಿ ನೋಡುತ್ತಾರೆ. ಯಾವ ದಿನ ಅಂತ ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯಲ್ಲಿ ಕೇಳಿ. ಮೊದಲ ದಿನ ತೋರಿಸಿದ ಗುಳ್ಳೆಗೆ ಆಗುವ ಖರ್ಚು ಮತ್ತು ಹನ್ನೊಂದನೇ ದಿನ ತೋರಿಸಿದ್ದಕ್ಕೆ ಆಗುವ ಖರ್ಚು, ಎರಡರ ನಡುವಿನ ವ್ಯತ್ಯಾಸ ನನ್ನ ಪುಸ್ತಕದಲ್ಲಿ ಬರೆದಿಟ್ಟದ್ದುಂಟು.

ಉಪ್ಪ ಈಗ ಅಂಗಡಿಗೆ ಬರುತ್ತಾರೆ. ಎಂ.ಸಿ.ಆರ್. ಸ್ಯಾಂಡಲ್ ಹಾಕುತ್ತಾರೆ, ಬಲಗಾಲಿನದ್ದರಲ್ಲಿ ಹೋದ ಎರಡು ಬೆರಳಿನ ಜಾಗಕ್ಕೆ ಮೆತ್ತೆ ಇಟ್ಟು ಹೊಲಿಸಿದೆ. ಇಶಾ ಕಳೆದ ಮೇಲೆ ಉಮ್ಮ ದಿನಾ ಟಾರ್ಚ್ ಹಿಡಿದು ಎರಡೂ ಪಾದ ನೋಡುತ್ತಾರೆ. ಅಂಗಡಿಯಲ್ಲಿ ಸ್ಟೂಲಿನ ಪಕ್ಕ ಬಿಳಿ ಹಾಳೆ, ಪೆನ್ನು ಇಟ್ಟಿದ್ದೇನೆ. ವಯಸ್ಸಾದವರು ಬಂದರೆ ಪಾದ ಊರಿಸಿ ಗೀಟು ಹಾಕುವುದು ಉಪ್ಪನೇ. ಯಾರಾದರೂ "ಬಿಗಿ ಇಲ್ಲ, ಸರಿ ಉಂಟು" ಅಂದರೆ ಅವರು ತಮ್ಮ ಬಲಗಾಲನ್ನು ಸ್ವಲ್ಪ ಮುಂದೆ ಚಾಚುತ್ತಾರೆ, ಮಾತಾಡುವುದಿಲ್ಲ.

ಇದನ್ನು ಓದಿದವರು ಇವತ್ತು ರಾತ್ರಿ ಮನೆಯ ಹಿರಿಯರ ಸಾಕ್ಸ್ ತೆಗೆಸಿ ಆ ಆರು ಬೆರಳು ಮುಟ್ಟಿ ನೋಡಿ. ಎರಡು ನಿಮಿಷದ ಕೆಲಸ.